ನಾನು ದಾಟಿದ ಎಲೆ

ಮಧುಗಿರಿಯ ಛತ್ರದಲ್ಲಿ ಅಕ್ಕನ ಮಗನ ಮದುವೆ ಊಟ. ಎಲೆ ಮುಂದೆ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಇನ್ಸುಲಿನ್ ಪೆನ್ ತೆಗೆದು ಹೊಟ್ಟೆಗೆ ಚುಚ್ಚಿಕೊಂಡದ್ದನ್ನು ಕಂಡೆ. ಪಾಪ ಎನಿಸಿತು. ಒಬ್ಬಟ್ಟಿನ ತಟ್ಟೆ ಹಿಡಿದಿದ್ದ ನಾನು ಅವಳ ಎಲೆ ದಾಟಿ ಮುಂದೆ ಹೋದೆ.

“ಅಕ್ಕಾ, ನನ್ನ ಬುಟ್ಟೇ ಹೋದ್ರಲ್ಲ!”

“ಸಕ್ಕರೆ ಕಾಯಿಲೆ ಅಲ್ವೇನಮ್ಮ?” ಎಂದೆ, ಅಕ್ಕಪಕ್ಕದವರಿಗೆ ಕೇಳಿಸದಂತೆ.

ಅವಳು ದನಿ ತಗ್ಗಿಸಲಿಲ್ಲ. “ಹೂಂ ಕಣಕ್ಕ, ಏಳು ವರ್ಷದೋಳಿದ್ದಾಗಿಂದ. ಒಬ್ಬಟ್ಟಿನ ಲೆಕ್ಕಾನೂ ಸೇರಿಸೇ ಚುಚ್ಕಂಡಿದೀನಿ. ಈಗ ನೀವು ಹಾಕ್ದೇ ಹೋದ್ರೇನೇ ಸಕ್ಕರೆ ಇಳ್ದು ತಲೆ ಸುತ್ತಿ ಬೀಳ್ತೀನಿ!”

ಗಾಬರಿಯಲ್ಲಿ ಎರಡು ಬಡಿಸಹೋದರೆ ಕೈ ಅಡ್ಡ ಹಿಡಿದು, “ಒಂದಕ್ಕೇ ಲೆಕ್ಕ” ಎಂದು ನಕ್ಕಳು.

ನನಗೆ ನಾಚಿಕೆಯಾಯಿತು. ಅದೇ ಟೈಪ್ ಒನ್ ಮಧುಮೇಹವಿರುವ ನನ್ನ ಹನ್ನೊಂದು ವರ್ಷದ ಮಗಳನ್ನು, ಸಿಹಿ ಕಂಡು ಆಸೆಪಟ್ಟಾಳು ಎಂದು ಕೊರಟಗೆರೆಯ ಮನೆಯಲ್ಲೇ ನಮ್ಮತ್ತೆಯ ಜೊತೆ ಬಿಟ್ಟು ಬಂದಿದ್ದೆ.

ಮರುವಾರವೇ ಮಗಳೊಂದಿಗೆ ಡಾಕ್ಟರ ಮುಂದೆ ಕೂತು, ತಿನ್ನುವುದಕ್ಕೆ ತಕ್ಕಷ್ಟು ಇನ್ಸುಲಿನ್ ಚುಚ್ಚುವ ಆ ಲೆಕ್ಕ ಕಲಿತೆ. ಈ ಯುಗಾದಿಗೆ ಅವಳು ಎಲ್ಲರ ಸಾಲಿನಲ್ಲೇ ಕೂತಳು. ಹೆಸರೂ ಗೊತ್ತಿಲ್ಲದ ಛತ್ರದ ಆ ಹುಡುಗಿಗೆ ಮನಸ್ಸಿನಲ್ಲೇ ಕೈಮುಗಿದು, ಮೊದಲ ಒಬ್ಬಟ್ಟನ್ನು ಮಗಳ ಎಲೆಗೇ ಬಡಿಸಿದೆ.