ಎಲೆಯೊಳಗೆ ನನ್ನ ಹೆಸರು

ನಾಲ್ಕು ವರ್ಷದ ಹಿಂದೆ, ನನಗಾಗ ಎಪ್ಪತ್ತೊಂದು. ಬಿಟಿಎಂ ಲೇಔಟಿನ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಟೀಚರು ತಟ್ಟೆಯಲ್ಲಿ ಒಂದು ದಾಸವಾಳದ ಎಲೆ ತಂದರು. ಅದು ನಮ್ಮ ಕುಂಡದ ಗಿಡದ್ದು; ಹೂವೇ ಬಿಡದ ಆ ಗಿಡವನ್ನು ನಾನು ಬಿಸಾಡಲು ಹೊರಟಿದ್ದೆ. ಅವರು ಎರಡು ದಿನ ಅದನ್ನು ಕತ್ತಲಲ್ಲಿಟ್ಟು, ಎಲೆಗೆ ಕಪ್ಪು ಕಾಗದದ ಅಕ್ಷರ ಅಂಟಿಸಿ, ಒಂದು ದಿನ ಬಿಸಿಲಿಗಿಟ್ಟಿದ್ದರು. ಕಾಗದ ಕಿತ್ತು, ಸ್ಪಿರಿಟಿನಲ್ಲಿ ಹಸಿರು ಬಿಡಿಸಿದ ಎಲೆಗೆ ಈಗ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಹಾಕಿದರು. ಎಲೆಯೆಲ್ಲ ಕಪ್ಪಾಯಿತು. ನಡುವೆ ‘ನಂಜಿ’ ಎಂದು ತಿಳಿ ಹಳದಿಯಾಗಿ ಉಳಿಯಿತು. ನನಗಾಗ ಓದಲು ಬರುತ್ತಿದ್ದದ್ದು ಅದೊಂದೇ.

“ಇದ್ಯಾವ ಮಾಟ ಕಣಮ್ಮ?”

“ಮಾಟ ಅಲ್ಲ ಅಜ್ಜಿ. ಎಲಿ ಬಿಸಲಾಗ ಅಡಗಿ ಮಾಡ್ತದ. ಅಡಗಿ ಆದಲ್ಲಿ ಕಪ್ಪು. ನಿಮ್ಮ ಹೆಸರಿನ ಕೆಳಗ ಬಿಸಲು ಬೀಳಲಿಲ್ಲ, ಉಪವಾಸ.”

ವರ್ಷವಿಡೀ ಆ ಗಿಡದ ಮೇಲೆ ಸೀರೆ ಒಣಹಾಕಿದವಳು ನಾನೇ. ಮರುದಿನ ಬೆಳಿಗ್ಗೆ ಕುಂಡವನ್ನು ಬಿಸಿಲಿಗೆ ಎಳೆದೆ, ಸೀರೆಯನ್ನು ನೆರಳಿಗೆ ಹಾಕಿದೆ.