ಸೋತವರ ನಿಯಮ

ಮೊನ್ನೆ ಕಲಬುರಗಿಯ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿಯೊಂದನ್ನು ದಾಟುವಾಗ ಕಳಿತ ಕೆಂಪು ಬಾಳೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ನಾಚಿಕೆಯಾಗುತ್ತದೆ. ಮಾಸ್ತರರ ಚೆಸ್ ಬೋರ್ಡಿಗೆ ಇದೇ ವಾಸನೆ ಇತ್ತು. ಕಮಲಾಪುರದಿಂದ ಮನೆಗೆ ಒಯ್ಯುವ ಹಣ್ಣೂ ಬೋರ್ಡೂ ಅವರ ಒಂದೇ ಕೈಚೀಲದಲ್ಲಿ ಇರುತ್ತಿದ್ದವು.

ಅವರು ಕಮಲಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು, ಮನೆ ಕಲಬುರಗಿಯ ಮೋಮಿನಪುರದಲ್ಲಿ. ನಾನು ಕಮಲಾಪುರದ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ಗುಮಾಸ್ತ, ನಾನೂ ಕಲಬುರಗಿಯಿಂದಲೇ ಹೋಗಿಬರುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ಅವರು ಕರವಸ್ತ್ರ ಹಾಸಿ ನನಗೆ ಜಾಗ ಹಿಡಿಯುತ್ತಿದ್ದರು. ತೊಡೆಯ ಮೇಲೆ ಅಯಸ್ಕಾಂತದ ಪುಟ್ಟ ಬೋರ್ಡು. ಹಳೆಯದಾದ್ದರಿಂದ ಕಾಯಿಗಳ ಹಿಡಿತ ಸಡಿಲಾಗಿತ್ತು. ಒಂದು ದಿನ ಬಸ್ಸು ಗುಂಡಿಗೆ ಇಳಿದು ನನ್ನ ಕುದುರೆ ಪಕ್ಕದ ಮನೆಗೆ ಜಾರಿತು. ಸರಿಪಡಿಸಲು ಹೋದರೆ ಮಾಸ್ತರು ಕೈ ಹಿಡಿದರು.

"ಇರ್ಲಿ ಬಿಡು ಬೇಟಾ. ಅದು ರಸ್ತಾ ಆಡಿದ್ದು."

ಅಂದೇ ಕರಾರಾಯಿತು. ಇಂದು ಸೋತವರು ನಾಳೆ ಒಂದು ಹೊಸ ನಿಯಮ ತರಬೇಕು, ಗೆದ್ದವರು ಒಪ್ಪಲೇಬೇಕು. ದಿನವೂ ಸೋಲುತ್ತಿದ್ದವರು ಮಾಸ್ತರು, ಹಾಗಾಗಿ ನಿಯಮಗಳೆಲ್ಲ ಅವರವೇ. ಆನೆ ಪಕ್ಕದ ಕಾಲಾಳನ್ನು ಬೆನ್ನ ಮೇಲೆ ಹೊತ್ತು ಒಯ್ಯಬಹುದು. ಕಂಡಕ್ಟರು ಸೀಟಿ ಊದಿದರೆ ಮಂತ್ರಿ ನಿಂತಲ್ಲೇ ನಿಲ್ಲಬೇಕು. ಮುದುಕರು ಯಾರಾದರೂ ಬಸ್ಸು ಹತ್ತಿದರೆ ರಾಜ ಎದ್ದು ಕಾಲಾಳಿಗೆ ತನ್ನ ಜಾಗ ಬಿಟ್ಟುಕೊಡಬೇಕು... ಇನ್ನೂ ಎಷ್ಟೋ ಇದ್ದವು.

ನಾನೋ ಗೆಲ್ಲುವ ಚಟದವನು. ನಿಯಮದ ಚೆಲುವು ನನಗೆ ಕಾಣುತ್ತಿರಲಿಲ್ಲ, ಅದರೊಳಗಿನ ಸಂದು ಕಾಣುತ್ತಿತ್ತು. ಅವರ ರಾಜ ಎದ್ದು ಜಾಗ ಬಿಡುವುದನ್ನೇ ಕಾದಿದ್ದು ಹಿಡಿಯುತ್ತಿದ್ದೆ. "ಶಾಬಾಸ್!" ಎಂದು ಮಾಸ್ತರು ತೊಡೆ ತಟ್ಟಿ ನಗುತ್ತಿದ್ದರು. ಗೆದ್ದ ನಾನು ಮುಖ ಬಿಗಿದುಕೊಂಡು ಕೂತಿರುತ್ತಿದ್ದೆ.

ಒಮ್ಮೆ ಮಾತ್ರ ಸಿಕ್ಕಿಬಿದ್ದೆ. ಇನ್ನೊಂದೇ ನಡೆ, ನನ್ನ ರಾಜನ ಕತೆ ಮುಗಿಯುತ್ತಿತ್ತು. ಮಾಸ್ತರರ ಕೈ ಆನೆಯ ಮೇಲಿತ್ತು. "ಸ್ಟಾಪ್ ಬಂತ್ರಿ ಮಾಸ್ತರ" ಎಂದು ಬೋರ್ಡು ಮಡಚಿಬಿಟ್ಟೆ. ಅವರು ಕಿಟಕಿಯಾಚೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಹೌದಪಾ, ಬಂತು."

ಬಸ್ಸು ಅದಾದ ಮೇಲೂ ಬಹಳ ಹೊತ್ತು ಓಡಿತು... ಮರುದಿನ ಸೋತವರಂತೆ ಅವರೇ ಹೊಸ ನಿಯಮ ತಂದಿದ್ದರು. ನಾನು ಗೆದ್ದವನಂತೆ ಒಪ್ಪಿಕೊಂಡೆ.

ಮುಂದೆ ನನಗೆ ಕಲಬುರಗಿಗೇ ವರ್ಗವಾಯಿತು. ಒಂದೇ ಊರಿನಲ್ಲಿದ್ದೂ ಅವರ ಮನೆಗೆ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಆಗ ಹೋದೆ. ಅವರ ಹೆಂಡತಿ ಚಹಾ ಕೊಟ್ಟು, ಒಳಗಿನಿಂದ ಬೋರ್ಡು ತಂದು ನನ್ನ ಮುಂದಿಟ್ಟರು.

"ದಿನಾ ಸಂಜೀಕ ಇದನ್ನ ಹಿಡಕೊಂಡು ಕುಂದರತಿದ್ರು ಬೇಟಾ. ನಾಳಿಗಿ ಏನ್ ರೂಲ್ ಒಯ್ಯಲಿ ಅಂತ ನನಗ ಕೇಳತಿದ್ರು. ಮುದುಕರು ಬಂದ್ರ ರಾಜ ಏಳಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ನಿಂದು ಯಾವ್ದಪಾ ಇದ್ರಾಗ?"

ಚಹಾದ ಕಪ್ಪನ್ನು ಕೆಳಗಿಟ್ಟೆ.

"ನಂದು ಇಲ್ರಿ ಚಾಚಿ. ನಾ ಸೋತಿಲ್ಲ."

"ಒಮ್ಮಿನೂ ಸೋತಿಲ್ಲ?"

ಹೇಳಬಹುದಿತ್ತು. ಕೇಳಬೇಕಾದವರು ಹೋದ ಮೇಲಾದರೂ ಹೇಳಬಹುದಿತ್ತು. "ಇಲ್ರಿ" ಎಂದೆ.

ಚಾಚಿ ಬೋರ್ಡನ್ನು ಸೆರಗಿನಿಂದ ಒರೆಸಿದರು. "ಆ ಹುಡುಗ ಒಂದಿನ ಸೋಲ್ತಾನ, ಭಾರೀ ರೂಲ್ ತರ್ತಾನ, ನೋಡಬೇಕು ಅಂತಿದ್ರು. ಹಾದಿ ಕಾಯ್ಕೋತೇ ಹೋದ್ರು."

ಈಗ ನಾನು ಫೋನಿನಲ್ಲಿ ಆಡುತ್ತೇನೆ. ಗುರುತಿಲ್ಲದವರ ಎದುರು ಬೇಕಾದಷ್ಟು ಸೋಲುತ್ತೇನೆ. ಸೋತಾಗಲೆಲ್ಲ ಹೊಸ ನಿಯಮವೊಂದು ಹೊಳೆಯುತ್ತದೆ, ಒಳ್ಳೆಯ ನಿಯಮಗಳೇ... ಕೇಳಿ ನಗಬೇಕಾದವರು ಮಾತ್ರ ಇಲ್ಲ.