ಅಕ್ಕನ ಹೊಲದ ಮಣ್ಣು

ಆಗಷ್ಟೇ ಬೆಳಕು ಹರಿಯುತ್ತಿದೆ. ಬದುವಿನ ಮೇಲೆ ಚಪ್ಪಲಿ ಬಿಟ್ಟು ಮಣ್ಣು ಪರೀಕ್ಷೆ ಮಾಡುವ ಇವರು ಗದ್ದೆಗಿಳಿಯುತ್ತಾರೆ, ನಾನು ಅಲ್ಲೇ ನಿಂತು ನೋಡುತ್ತೇನೆ. ಉಕ್ಕಿನ ಕೊಳವೆ ಊರಿ, ಮೈಭಾರವನ್ನೆಲ್ಲ ಹಾಕಿ ತಿರುವಿ, ಮೇಲಕ್ಕೆಳೆಯುತ್ತಾರೆ. ಗೇಣುದ್ದದ ಮಣ್ಣು. ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಒಂದು ಐಬಿಲ್ಲ. ಗದ್ದೆಯ ನಾಲ್ಕಾರು ಕಡೆ ಹೀಗೇ ತೆಗೆದು, ಬಕೆಟ್ಟಿನಲ್ಲಿ ಕಲಸಿ, ಅದರಲ್ಲಿ ಒಂದಿಷ್ಟನ್ನು ಚೀಲಕ್ಕೆ ತುಂಬುತ್ತಾರೆ. ಗದ್ದೆಯ ಯಜಮಾನರು ನಗುತ್ತಾ, ನಮ್ಮ ಮಣ್ಣಿಗೆ ಜ್ವರ ನೋಡೋಕೆ ಬಂದ್ಯೇನಮ್ಮ ಎಂದು ಕೇಳುತ್ತಾರೆ. ಆ ನಗುವಿನಲ್ಲಿ ಹೆದರಿಕೆಯೂ ಇದೆ.

ಈ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇದೆ. ಹಿಂದಿನವರು ಪಾಷಾಣ ಎನ್ನುತ್ತಿದ್ದ ವಿಷ. ನೆಲದಾಳದಿಂದ ನೀರಿಗೆ, ನೀರಿನಿಂದ ಮಣ್ಣಿಗೆ, ಮಣ್ಣಿನಿಂದ ಅನ್ನಕ್ಕೆ, ವರ್ಷ ವರ್ಷವೂ ಸದ್ದಿಲ್ಲದೆ ಸೇರುತ್ತಿದೆ. ಕೃಷಿ ಪ್ರಯೋಗಾಲಯದಲ್ಲಿ ಅದನ್ನು ಅಳೆಯುವುದು ಇವರ ಕೆಲಸ. ಕಿಟಕಿಯ ಗಾಜು ಆಮ್ಲದ ಹೊಗೆಗೆ ಮಂಕಾಗಿರುವ ಕೋಣೆಯಲ್ಲಿ, ನೆರಳಲ್ಲಿ ಒಣಗಿಸಿದ ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಆಮ್ಲದಲ್ಲಿ ಕಾಯಿಸಿ, ಸೋಸಿ ಯಂತ್ರಕ್ಕೆ ಕೊಡುತ್ತಾರೆ. “ಅಡುಗೆ ಮಾಡಿದ ಹಾಗೇನೇ. ರುಚಿ ನೋಡೋ ಹಾಗಿಲ್ಲ ಅಷ್ಟೇ” ಎನ್ನುತ್ತಾರೆ.

ಊರವರು ಇಟ್ಟಿರುವ ಹೆಸರು ‘ಪಾಷಾಣದಮ್ಮ’. ಇವರ ಸ್ಕೂಟರಿನ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಹೊಲ ಕೆಟ್ಟಿದೆ ಎಂದು ಗೊತ್ತಾದರೆ ಬೆಳೆದದ್ದನ್ನು ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಮೂರು ವರ್ಷದ ಹಿಂದೆ ಸ್ವಂತ ಅಕ್ಕನ ಹೊಲದ ಸರದಿ ಬಂತು. ಅಕ್ಕ, ಭಾವ ಸೊಪ್ಪು, ಭತ್ತ ಬೆಳೆದು ಬದುಕುತ್ತಿದ್ದವರು. ಬಾವಿಯ ನೀರು ಹತ್ತದ ಮೇಲಿನ ಮೂಲೆಯಿಂದಷ್ಟೇ ಮಣ್ಣು ತಗೋ ಎಂದು ಅಕ್ಕ ಅಂಗಲಾಚಿದರು. ಇವರು ಒಪ್ಪದಿದ್ದಾಗ ಎರಡೂ ಅಂಗೈ ಮುಂದೆ ಚಾಚಿ, “ನಿನ್ನ ಎತ್ತಿ ಆಡಿಸಿದ ಕೈ ಕಣೇ ಇದು” ಎಂದರು.

ಆ ಅಂಗೈಗಳ ತುಂಬ ಕಾಳಿನಂಥ ಗಟ್ಟಿ ಗಂಟುಗಳು. ಪಾಷಾಣ ಮೈಗೇರಿದವರ ಕೈ ಹೇಗಿರುತ್ತದೆಂದು ತಂಗಿಗೆ ಗೊತ್ತಿತ್ತು. ಹೊಲದ ಎಲ್ಲ ಕಡೆಯಿಂದಲೂ ಮಣ್ಣು ತೆಗೆದರು.

ವಿಷ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ನೀರು ಬಳಸಬಾರದೆಂಬ ಗುರುತಿಗೆ ಬಾವಿಗೆ ಕೆಂಪು ಬಣ್ಣ ಬಿತ್ತು, ಹೊಲ ಪಾಳು ಬಿತ್ತು, ಅಕ್ಕ ಮಾತು ಬಿಟ್ಟರು. ಅಕ್ಕನ ಕೈಗೆ ಔಷಧಿಯನ್ನೂ ಬೇರೆಯವರ ಮೂಲಕವೇ ಕಳಿಸಬೇಕಾಯಿತು. ಹೋದ ವರ್ಷ ಭಾವ ಕ್ಯಾನ್ಸರಿನಿಂದ ತೀರಿಕೊಂಡರು. ಮಣ್ಣು ಮಾಡುವಾಗ ಅಕ್ಕ ಇವರತ್ತ ತಿರುಗಿಯೂ ನೋಡಲಿಲ್ಲ.

“ನಾನು ಅಳೀದೇ ಇದ್ದಿದ್ರೆ ಭಾವ ಉಳೀತಿದ್ರಾ? ಇಲ್ಲ. ಆದ್ರೂ ಅಕ್ಕನ ಲೆಕ್ಕದಲ್ಲಿ ಸಾವನ್ನ ಮನೆಗೆ ಕರ್ಕೊಂಡು ಬಂದೋಳು ನಾನೇ.”

ಹೋದ ತಿಂಗಳು ಅಕ್ಕನ ಮಗಳು ಪ್ರಯೋಗಾಲಯಕ್ಕೆ ಬಂದಳು, ಸೊಂಟದಲ್ಲಿ ಕೂಸು, ಕೈಯಲ್ಲಿ ಗಂಡನ ಮನೆಯ ಹಿತ್ತಲ ಮಣ್ಣು. ಚಿಕ್ಕಮ್ಮನ ಹತ್ತಿರವೇ ನೋಡಿಸು ಎಂದು ಅಮ್ಮ ಕಳಿಸಿದ್ದಾಳೆ ಎಂದಳು. ಆ ಮಣ್ಣೂ ಕೆಟ್ಟಿತ್ತು. ಇವರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಮಗಳು ಅಲ್ಲಿ ಸೊಪ್ಪು ಬೆಳೆಯುವುದನ್ನು ಬಿಟ್ಟಿದ್ದಾಳೆ.

ಅಕ್ಕ ಮಾತಾಡಿದರಾ ಎಂದು ಕೇಳುತ್ತೇನೆ. ಇವರು ಜರಡಿ ಕೊಡವಿ ಪಕ್ಕಕ್ಕಿಡುತ್ತಾರೆ.

“ನನ್ನ ಜೊತೆ ಮಾತಾಡಲ್ಲ. ಆದ್ರೆ ನನ್ನ ಮಾತು ನಂಬ್ತಾಳೆ. ಸಾಕು.”